ಹುತ್ತದ ಮೇಲೆ ಎರಡು ಕಡ್ಡಿ

ನಮ್ಮಜ್ಜಿ ಹೇಳುತ್ತಿದ್ದಳು:
ಇಂಗ್ಲಿಷಿನವರು ಹಡಗಿನಿಂದ ಗುಂಡು ಹಾರಿಸುತ್ತ
ಹೊಳೆಗುಂಟ ಬಂದರಂತೆ. ಗುಂಡು ಬಿದ್ದಲ್ಲಿಗೆ
ಅವರ ನೆಲ ಮುಗಿಯಿತಂತೆ, ಆಚೆಯದು ಫ್ರೆಂಚರಿಗೆ.
ಸುಳ್ಳೇ ಇರಬೇಕು. ಡೆಂಬೊ ಮೇಷ್ಟ್ರು ಹೇಳುತ್ತಾರೆ,
ಪ್ಯಾರಿಸ್ಸಿನಲ್ಲಿ ಮೇಜಿನ ಮೇಲೆ ಕೈವಾರ ಊರಿ
ಗೆರೆ ಎಳೆದದ್ದು, ಗುಂಡೂ ಇಲ್ಲ ಗಿಂಡೂ ಇಲ್ಲ.
ಅಜ್ಜಿ ಮಾತ್ರ ಕಡಲೆಕಾಯಿ ಹೊಲದ ಕೊನೆಯಲ್ಲಿ
ಒಂದು ಕುಳಿ ತೋರಿಸಿ, ಇಗೋ, ಇಲ್ಲೇ, ಅನ್ನುವಳು.
ಆ ಕುಳಿಯಲ್ಲಿ ಈಗ ಆಡುಗಳು ಮಲಗುತ್ತವೆ.

ನಾನು ತಾಕೊ ಜಾಲೊ. ಸಾರೆ ದೆಂಬೆಲ್ ಊರು.
ಬೇವಿನ ಮರದಡಿ ಮೇಜು ಹಾಕಿ
ಕರೆನ್ಸಿ ಮಾರುತ್ತೇನೆ. ಎರಡು ದೇಶದ ಸಿಮ್ಮು,
ಎರಡು ದೇಶದ ನೋಟು, ಸೊಂಟದಲ್ಲಿ ಒಂದೇ ಗಂಟು.
ಚಿಕ್ಕಪ್ಪನ ಮಗ ಯೇರೊ ಗೆರೆಯಾಚೆ, ನಾನ್ನೂರು ಹೆಜ್ಜೆ.
ನಾಲಗೆಗೆ ನಾವಿಬ್ಬರೂ ಜಾಲೊ.
ಕಾಗದದ ಮೇಲೆ
ನನ್ನದನ್ನು ಇಂಗ್ಲಿಷಿನ ಗುಮಾಸ್ತ ಕೇಳಿಸಿಕೊಂಡ ಹಾಗೆ,
ಅವನದನ್ನು ಫ್ರೆಂಚಿನ ಗುಮಾಸ್ತ ಕೇಳಿಸಿಕೊಂಡ ಹಾಗೆ;
ಎರಡಕ್ಕೂ ಆರಾರೇ ಅಕ್ಷರ, ಮೊದಲ ಹೆಜ್ಜೆಗೇ ದಾರಿ ಬೇರೆ.
ಅವನ ಹೆಂಡತಿಯ ಹೆರಿಗೆಗೆ ಫೋನಿನಲ್ಲಿ ದುಡ್ಡು ಹಾಕಹೋದರೆ
ಯಂತ್ರ ಕೇಳಿತು: ಇವರು ನಿಮಗೇನಾಗಬೇಕು?
ನಡೆದುಕೊಂಡು ಹೋಗಿ ಕೈಯಲ್ಲಿಟ್ಟು ಬಂದೆ.

ನಮ್ಮಲ್ಲಿ ಓಟು ಅಂದರೆ ಗೋಲಿ.
ಬಣ್ಣ ಬಳಿದ ಡ್ರಮ್ಮಿನ ತೂತಿಗೆ ಬಿಟ್ಟರೆ
ಒಳಗೆ ಗಂಟೆ ಟಣ್ ಅನ್ನುತ್ತದೆ.
ಆಗ ಗುಂಡು, ಈಗ ಗೋಲಿ ಅಂತ ಅಜ್ಜಿ ನಗುತ್ತಿದ್ದಳು.
ಆ ವರ್ಷ ಕೊನೆಯ ಗೋಲಿ ಬೀಳುವ ಮೊದಲೇ
ಬಂಜುಲ್‌ನವರು ನೆಟ್ಟು ತೆಗೆದರು.
ದೀಪ ಆರಿದ ಹಾಗಲ್ಲ. ಪಕ್ಕದ ಕೋಣೆಯಲ್ಲಿ
ಮಾತಾಡುತ್ತಿದ್ದವರೆಲ್ಲ ಒಮ್ಮೆಗೇ ಸುಮ್ಮನಾದ ಹಾಗೆ.

ಯೇರೊ ಆಚೆಯಿಂದ ಕೂಗಿದ: ಹುತ್ತ ಹತ್ತು, ಹುತ್ತ!
ಹೊಲದಂಚಿನ ಕೆಂಪು ಹುತ್ತ, ಎರಡಾಳೆತ್ತರ.
ಅದರ ನೆತ್ತಿಯ ಮೇಲೆ ನಿಂತು ಕೈ ಎತ್ತಿದರೆ
ಅವರ ಟವರಿನ ಎರಡು ಕಡ್ಡಿ.
ಬೆಳಗಾಗುವುದರೊಳಗೆ ಸಾಲು. ಫರಾಫೆನ್ನಿಯ ಲಾರಿಯವ,
ರಕ್ತದ ಗುಂಪು ವಿಚಾರಿಸಬೇಕಾದ ಸೂಲಗಿತ್ತಿ,
ಸುಮ್ಮನೆ ನೋಡಲು ಬಂದ ಒಬ್ಬ ಪೊಲೀಸ್
(ಮಫ್ತಿಯಲ್ಲಿದ್ದ, ಬೂಟು ಮಾತ್ರ ಬಿಚ್ಚಿರಲಿಲ್ಲ).
ಏಣಿ ತಂದಿಟ್ಟೆ. ತಲೆಗೆ ಐದು ದಲಾಸಿ.
ಹೌದು, ತಗೊಂಡೆ. ಏಣಿಯೇನು ಪುಕ್ಕಟೆ ಬಂತೇ?
ಯಾರು ಗೆದ್ದರು, ಯಾರು ಗೆದ್ದರು ಅಂತ ಕೆಳಗಿನವರು.
ಮೇಲೆ ನಿಂತವಳು ಇಟಲಿಯಿಂದ ಗಂಡ ಕಳಿಸಿದ ದನಿ ಕೇಳುತ್ತಿದ್ದಳು,
ಮಾತು ಮುಗಿದ ಮೇಲೆ ಅವನು ಕೆಮ್ಮುವುದನ್ನು
ಮತ್ತೆ, ಮತ್ತೆ.
ಪೊಲೀಸೂ ಹತ್ತಿದ. ಅವನಿಗೂ ತಾಯಿ ಇದ್ದಳು.

ಗೆದ್ದಲು ಕಟ್ಟಿದ ಮನೆಗೆ ಹಾವು ಒಡೆಯ.
ನಮ್ಮ ಹುತ್ತದಲ್ಲಿ ಹಾವು ಕಂಡವರಿಲ್ಲ,
ಆದರೂ ಒಳಗೆ ಯಾರದೋ ಉಸಿರು ಬುಸ್ ಅನ್ನುತ್ತಿತ್ತು
ಅಂತ ಸೂಲಗಿತ್ತಿ ಆಣೆ ಮಾಡಿ ಹೇಳಿದಳು.

ವರ್ಷಗಳು ಕಳೆದವು. ಈ ಸಲ ಡಾಕಾರ್‌ನಲ್ಲಿ ಟಯರು ಉರಿದವು,
ಈ ಸಲ ಅವರು ತೆಗೆದರು.
ನಡುರಾತ್ರಿ ಯೇರೊ ಬಂದ, ಫೋನನ್ನು
ರೊಟ್ಟಿಯ ಹಾಗೆ ಬಟ್ಟೆಯಲ್ಲಿ ಸುತ್ತಿಕೊಂಡು.
ಅದೇ ಹುತ್ತ, ಅದೇ ಏಣಿ, ಮುಖ ಮಾತ್ರ ಈ ಕಡೆ.
ಹತ್ತುವ ಮೊದಲು ಸೇಫಾ ನಾಣ್ಯ ಚಾಚಿದ.
ಬೇಡ ಅನ್ನಬೇಕಿತ್ತು. ಅನ್ನುವಷ್ಟರಲ್ಲಿ ಕೈ ಮುಂದೆ ಹೋಗಿತ್ತು.

ನಮ್ಮ ಟವರಿನ ಎರಡು ಕಡ್ಡಿ ಅವನಿಗೆ ಸಿಕ್ಕವು.
ಡಾಕಾರ್‌ನಲ್ಲಿ ಓದುವ ಮಗಳಿಗೆ ಬರೆದ,
ಎಲ್ಲಿದ್ದೀಯಾ.
ಒಂದು ಸರಿ ಗುರುತು ಬಿತ್ತು. ಎರಡನೆಯದು ಬೀಳಬೇಕಾದರೆ
ಅಲ್ಲಿ ಅವಳ ಫೋನಿಗೂ ಯಾವುದಾದರೂ ಹುತ್ತ ಬೇಕು.
ಅದು ನಮಗಿಬ್ಬರಿಗೂ ಆಮೇಲೆ ಹೊಳೆಯಿತು.
ಇಳಿ ಅಂದೆ. ಇರು ಅಂದ.
ಏಣಿ ಹಿಡಿದು ನಿಂತೆ, ನಾಣ್ಯ ಬೆವರುತ್ತಿತ್ತು.
ಏಣಿಯ ಕಾಲಿಗೆ ಗೆದ್ದಲು ಹತ್ತಿದೆ ಅಂತ
ಆಗ ಬೆರಳಿಗೆ ತಿಳಿಯಿತು.